ಮೂವತ್ತೈದರ ಲೆಕ್ಕ

ಕಾಶ್ಮೀರದಿಂದ ಲಡಾಖಿಗೆ ದಾಟುವ ಜೋಜಿಲಾ ಘಾಟಿಯ ಎತ್ತರ ಸಮುದ್ರಮಟ್ಟದಿಂದ 3,528 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಇನ್ನೂ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಮೇಲೆ. ಘಾಟಿಯ ಎತ್ತರವನ್ನು ಮೂವತ್ತೈದರಿಂದ ಭಾಗಿಸಿದರೆ ನೂರು ಮೀಟರಿಗೆ ತುಸು ಹೆಚ್ಚು ಬರುತ್ತದೆ. ಕೆಳಗಿನ ಬಾಲ್ಟಾಲ್‌ನಿಂದ ಘಾಟಿಯ ನೆತ್ತಿಯವರೆಗಿನ ಏರನ್ನಷ್ಟೇ ಹಿಡಿದರೆ ಇಪ್ಪತ್ತೆರಡು ಮೀಟರಿನ ಆಸುಪಾಸು, ಅಂದರೆ ಏಳು ಅಂತಸ್ತಿನ ಕಟ್ಟಡ. ಈ ಲೆಕ್ಕ ಹಾಕಿದ ರಾತ್ರಿ ನನ್ನ ಮೇಜಿನ ಮೇಲೆ ಹದಿನಾಲ್ಕು ಸೆಂಟಿಮೀಟರ್ ಉದ್ದದ ಸ್ಟುವರ್ಟ್ ಟ್ಯಾಂಕಿನ ಮಾದರಿಯೊಂದು ಅರ್ಧ ಮುಗಿದು ನಿಂತಿತ್ತು. ಅಂಗೈಯಲ್ಲಿ ಕೂರುವ ಆ ಗಾಡಿ ಏಳು ಅಂತಸ್ತು ಏರುವುದನ್ನು, ಅದೂ ಹೇಸರಗತ್ತೆಯ ದಾರಿಯಲ್ಲಿ, ಹಿಮದಲ್ಲಿ ಏರುವುದನ್ನು ಕಣ್ಣಮುಂದೆ ತಂದುಕೊಂಡೆ. ಆಮೇಲೆ ಬಹಳ ಹೊತ್ತು ಕೈ ಕೆಲಸಕ್ಕೆ ಮರಳಲಿಲ್ಲ.

ಮೂವತ್ತೈದರಿಂದ ಭಾಗಿಸುವುದು ಟ್ಯಾಂಕ್ ಮಾದರಿ ಕಟ್ಟುವವರಿಗೆಲ್ಲ ಅಂಟಿಕೊಳ್ಳುವ ರೂಢಿ. ಐದಡಿ ಹತ್ತಂಗುಲದ ಸಿಪಾಯಿ ಐದು ಸೆಂಟಿಮೀಟರ್ ಆಗುತ್ತಾನೆ. ಸ್ಟುವರ್ಟ್‌ನ 37 ಮಿಲಿಮೀಟರ್ ತೋಪಿನ ಬಾಯಿ ಒಂದು ಮಿಲಿಮೀಟರಿಗೆ ಇಳಿಯುತ್ತದೆ, ಸಾಸಿವೆ ಕಾಳು ತೂರುವುದೂ ಕಷ್ಟ. ಹಾಗಾದರೆ ಮೂವತ್ತೈದೇ ಯಾಕೆ, ಮೂವತ್ತೋ ನಲವತ್ತೋ ಯಾಕಲ್ಲ? ಇದಕ್ಕೊಂದು ಕಥೆಯಿದೆ. ನನ್ನ ತಮ್ಮನ ಮಗಳು ಮೊದಲ ಸಲ ಮೇಜಿನ ಹತ್ತಿರ ಬಂದು "ದೊಡ್ಡಪ್ಪ, ಇದು ಓಡುತ್ತಾ?" ಅಂತ ಕೇಳಿದಾಗ ಅವಳಿಗೂ ಇದನ್ನೇ ಹೇಳಿದ್ದೆ.

ಜಪಾನಿನ ಶಿಜುವೋಕಾ ಊರಿನ ತಮಿಯಾ ಕಂಪನಿ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮರದ ಮಾದರಿಗಳಿಗೆ ಕೈಹಾಕಿ, ಕೊನೆಗೆ ಪ್ಲಾಸ್ಟಿಕ್ಕಿಗೆ ಬಂತು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ತಯಾರಿಸಿದರು. ಆಗ ಮಾದರಿ ಅಂದರೆ ಓಡಬೇಕು, ಮೋಟಾರು ಇರಬೇಕು. ಮೋಟಾರಿಗೆ ಬ್ಯಾಟರಿ ಬೇಕು, ಬ್ಯಾಟರಿ ಹಿಡಿಸುವಷ್ಟು ಅಗಲದ ಹೊಟ್ಟೆ ಬೇಕು. ಆ ಅಗಲವನ್ನು ನೋಡಿಕೊಂಡೇ ಉಳಿದ ಅಳತೆಗಳನ್ನು ನಿಗದಿ ಮಾಡಿದರು. ಮುಂದೆ ಆ ಕಂಪನಿಯನ್ನು ಕಟ್ಟಿ ಬೆಳೆಸಿದ ಶುನ್ಸಾಕು ತಮಿಯಾ ಅಳೆದು ನೋಡಿದಾಗ ಅದು ನಿಜದ ಟ್ಯಾಂಕಿನ ಮೂವತ್ತೈದನೆಯ ಒಂದು ಪಾಲಿಗೆ ಹತ್ತಿರ ಬಂತು. ಅಷ್ಟೆ. ಎರಡು ಬ್ಯಾಟರಿ ಸೆಲ್ಲಿನ ಗಾತ್ರ ಜಗತ್ತಿನ ಮಾದರಿ ಟ್ಯಾಂಕುಗಳಿಗೆಲ್ಲ ಅಳತೆಗೋಲಾಯಿತು. ಇವತ್ತು ತೈವಾನಿನವರು ಮಾಡಲಿ, ಚೀನಾದವರು ಮಾಡಲಿ, ಉಕ್ರೇನಿನ ಕೀವ್‌ನವರು ಮಾಡಲಿ, ಸೈನ್ಯದ ಗಾಡಿ ಅಂದರೆ ಮೂವತ್ತೈದರ ಲೆಕ್ಕವೇ ಮೊದಲು. ಮೋಟಾರು ಹೋಗಿ ಎಷ್ಟೋ ಕಾಲವಾಯಿತು, ಸಂಖ್ಯೆ ಉಳಿಯಿತು. ಹುಡುಗಿಗೆ ಓಡದ ಟ್ಯಾಂಕು ಅಷ್ಟಾಗಿ ಹಿಡಿಸಲಿಲ್ಲ. ಆದರೆ ಚಕ್ರಗಳನ್ನು ಉಪ್ಪುಕಾಗದದಲ್ಲಿ ಉಜ್ಜುವ ಕೆಲಸ ಕೊಟ್ಟೆ, ಎಲ್ಲವನ್ನೂ ಉಜ್ಜಿದಳು.

ಪೆಟ್ಟಿಗೆ ತೆರೆದರೆ ಟ್ಯಾಂಕು ಕಾಣುವುದಿಲ್ಲ. ಮಾವಿನ ಎಲೆಯ ತೋರಣದಂತೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಸಾಲಾಗಿ ತೂಗಿಕೊಂಡ ಭಾಗಗಳು ಕಾಣುತ್ತವೆ, ಒಂದೊಂದಕ್ಕೂ ಒಂದು ನಂಬರು. ಕಟರಿನಿಂದ ಕಡ್ಡಿಯನ್ನು ಭಾಗಕ್ಕೆ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಚೂರನ್ನು ಬ್ಲೇಡಿನಲ್ಲಿ ಹೆರೆದು, ಆಮೇಲೆ ಉಜ್ಜಬೇಕು. ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಿದರೆ ಭಾಗದ ಮೈ ಕಿತ್ತು ಬರುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಕೂದಲೆಳೆಯಷ್ಟು ಏಣು ಉಳಿದಿರುತ್ತದೆ. ಅಚ್ಚಿನಿಂದ ಹೊರದೂಡುವ ಕಡ್ಡಿಗಳು ಒತ್ತಿದಲ್ಲಿ ದುಂಡನೆಯ ಗುರುತು ಬಿದ್ದಿರುತ್ತದೆ. ಏಣನ್ನು ಹೆರೆಯಬೇಕು, ಗುರುತಿಗೆ ಪುಟ್ಟಿ ತುಂಬಬೇಕು. ಇದನ್ನೆಲ್ಲ ಬಿಟ್ಟು ನೇರ ಅಂಟಿಸಿದರೂ ಟ್ಯಾಂಕು ನಿಲ್ಲುತ್ತದೆ, ಆದರೆ ಬಣ್ಣ ಹಚ್ಚಿದ ದಿನ ಬಿಟ್ಟ ಕೆಲಸವೆಲ್ಲ ಒಂದೊಂದಾಗಿ ಎದ್ದು ತೋರುತ್ತದೆ.

ಅಂಟು ಅಂದೆ, ಅದು ನಿಜಕ್ಕೂ ಅಂಟಲ್ಲ. ನೀರಿನಷ್ಟು ತೆಳುವಾದ ದ್ರವ. ಎರಡು ಭಾಗಗಳನ್ನು ಒಟ್ಟಿಗೆ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ತಾನಾಗಿ ಒಳಗೆ ಹರಿಯುತ್ತದೆ, ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನೂ ಒಂದು ಮಾಡಿ ತಾನು ಆವಿಯಾಗಿ ಹೋಗುತ್ತದೆ. ಬೆಸುಗೆ ಅನ್ನುವುದೇ ಸರಿ. ಒಂದು ಸಂಜೆ, ತೋಪು ಹೊತ್ತು ತಿರುಗುವ ಟರೆಟ್ಟಿನ ಎರಡು ಹೋಳನ್ನು ಹೀಗೆ ಹಿಡಿದಿದ್ದಾಗ ದ್ರವ ಸಂದಿಗುಂಟ ಹರಿದು ನನ್ನ ಬೆರಳಿನಡಿಗೆ ಬಂತು. ಕೈ ತೆಗೆದು ನೋಡಿದರೆ ಉಕ್ಕಿನ ಗೋಡೆಯ ಮೇಲೆ ನನ್ನ ಹೆಬ್ಬೆರಳ ಗುರುತು, ನೋಂದಣಿ ಕಚೇರಿಯ ಕಾಗದದ ಮೇಲೆ ಒತ್ತಿದಷ್ಟು ಸ್ಪಷ್ಟ. ಆಗಲೇ ಒರೆಸಲು ಹೋದರೆ ಎಲ್ಲ ಕೆಡುತ್ತದೆ. ಎರಡು ದಿನ ಹಾಗೇ ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ನೀರು ಹಾಕಿ ಸಣ್ಣ ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಅವಸರದ ಕೈಗೆ ಈ ಕೆಲಸ ಒಲಿಯುವುದಿಲ್ಲ.

ಸ್ಟುವರ್ಟ್‌ನ ಚಕ್ರಗಳ ಬಗ್ಗೆ ಹೇಳಲೇಬೇಕು, ಕಿಟ್ಟಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ. ಪ್ರತಿ ಬದಿಗೂ ನಾಲ್ಕು ಚಕ್ರ, ಎರಡೆರಡು ಸೇರಿ ಒಂದು ಜೋಡಿ. ಪ್ರತಿ ಜೋಡಿಯ ನೆತ್ತಿಯಲ್ಲಿ ಒಂದು ಎರಕದ ಕವಚ, ಅದರೊಳಗೆ ನೆಟ್ಟಗೆ ನಿಂತ, ಪಟ್ಟಿಯನ್ನು ಶಂಖದಂತೆ ಸುತ್ತಿ ಮಾಡಿದ ಸ್ಪ್ರಿಂಗು. ಒಂದು ಚಕ್ರ ಕಲ್ಲು ಹತ್ತಿದರೆ ತೋಳು ಆ ಸ್ಪ್ರಿಂಗನ್ನು ಅದುಮುತ್ತದೆ, ಒಳಗಿರುವ ನಾಲ್ಕು ಮಂದಿಯ ಬೆನ್ನು ಉಳಿಯುತ್ತದೆ. ಮುಂದೆ ಚೈನನ್ನು ಎಳೆಯುವ ಹಲ್ಲಿನ ಚಕ್ರ, ಹಿಂದೆ ನೆಲಕ್ಕೆ ತಾಗುವಂತೆ ಇಳಿಬಿಟ್ಟ ದೊಡ್ಡ ಚಕ್ರ. ಮಾದರಿ ಕಟ್ಟುವ ಅನೇಕರು ಚೈನನ್ನು ಸಡಿಲವಾಗಿ ಜೋತುಬಿಡುತ್ತಾರೆ, ಜರ್ಮನ್ ಟ್ಯಾಂಕುಗಳಿಗೆ ಅದು ಸರಿ. ಸ್ಟುವರ್ಟ್‌ನ ಚೈನಿನ ಕೊಂಡಿಗಳಿಗೆ ರಬ್ಬರ್ ಹಾಕಿರುತ್ತದೆ, ಅದು ಬಿಗಿಯಾಗಿಯೇ ಇರಬೇಕು. ಜೋತುಬಿದ್ದ ಚೈನಿನ ಸ್ಟುವರ್ಟ್ ಕಂಡರೆ ಶ್ರುತಿ ತಪ್ಪಿದ ತಂಬೂರಿ ಕೇಳಿದ ಹಾಗಾಗುತ್ತದೆ ನನಗೆ.

ಇನ್ನು ಅದರ ಬೆನ್ನು. ಎಂ-5 ಸ್ಟುವರ್ಟ್‌ನ ಹಿಂಭಾಗ ಮೆಟ್ಟಿಲಿನಂತೆ ಎತ್ತರಿಸಿದೆ. ಕಾರಣ ಒಳಗಿದೆ. ಇದರ ಹಿಂದಿನ ಎಂ-3 ಮಾದರಿಗೆ ವಿಮಾನದ ಎಂಜಿನ್ ಹಾಕುತ್ತಿದ್ದರು. ಯುದ್ಧ ಜೋರಾದಂತೆ ಆ ಎಂಜಿನ್‌ಗಳೆಲ್ಲ ವಿಮಾನಗಳಿಗೇ ಬೇಕಾದವು. ಆಗ ಅಮೆರಿಕದವರು ಕ್ಯಾಡಿಲಾಕ್ ಕಾರಿನ ವಿ-8 ಎಂಜಿನ್ ಎರಡನ್ನು ಅಕ್ಕಪಕ್ಕ ಕೂರಿಸಿದರು, ಕಾರಿನದೇ ಆಟೋಮ್ಯಾಟಿಕ್ ಗೇರು ಜೋಡಿಸಿದರು. ಎರಡು ಕಾರಿನ ಎಂಜಿನ್‌ಗೆ ಜಾಗ ಬೇಕು, ಬೆನ್ನು ಏರಿತು. ಮಾದರಿ ಕಟ್ಟುವಾಗ ಹದಿನೈದು ಟನ್ನಿನ ಯಂತ್ರದ ಒಂದೊಂದು ಉಬ್ಬಿಗೂ ತಗ್ಗಿಗೂ ಹೀಗೆ ಕಾರಣ ಸಿಗುತ್ತಾ ಹೋಗುತ್ತದೆ. ಕಾರಣ ತಿಳಿದ ಮೇಲೆ ಆ ಭಾಗವನ್ನು ಸೊಟ್ಟಗೆ ಅಂಟಿಸಲು ಮನಸ್ಸು ಬರುವುದಿಲ್ಲ.

ಸ್ನೇಹಿತರೊಬ್ಬರು ಒಮ್ಮೆ ಕೇಳಿದರು: "ಕೊಲ್ಲುವ ಯಂತ್ರವನ್ನು ಇಷ್ಟು ಅಕ್ಕರೆಯಿಂದ ಯಾಕೆ ಕಟ್ಟುತ್ತೀರಿ?" ಅವರು ನಿವೃತ್ತ ಮೇಷ್ಟ್ರು, ಬದುಕಿಡೀ ಖಾದಿ ಉಟ್ಟವರು, ಪ್ರಶ್ನೆ ಹಗುರವಾಗಿ ಕೇಳಿದ್ದಲ್ಲ. ನಾನು ಟ್ಯಾಂಕಿನ ಕೆಳಗಿನ ಒಡಲನ್ನು ಅವರ ಕೈಗೆ ಕೊಟ್ಟೆ. ಆ ಪ್ಲಾಸ್ಟಿಕ್ ಗೋಡೆ ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಮೂವತ್ತೈದರಿಂದ ಗುಣಿಸಿದರೆ 35 ಮಿಲಿಮೀಟರ್ ದಾಟುತ್ತದೆ. ನಿಜವಾದ ಸ್ಟುವರ್ಟ್‌ನ ಪಕ್ಕದ ಉಕ್ಕು ಮೂವತ್ತು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನನ್ನ ಆಟದ ಟ್ಯಾಂಕಿಗೆ ಇರುವಷ್ಟು ಗೋಡೆಯೂ ಆ ನಾಲ್ವರಿಗೆ ಇರಲಿಲ್ಲ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಂತ್ರದ ಮೇಲಿನ ಅಕ್ಕರೆಯಲ್ಲ ಇದು, ಅದರೊಳಗೆ ಮೊಣಕಾಲು ಮಡಚಿ ಕೂತವರ ಮೇಲಿನದು. ಹೊರಗಿನಿಂದ ಕೋಟೆಯಂತೆ ಕಾಣುವುದು ಒಳಗಿನಿಂದ ಎಷ್ಟು ತೆಳು ಅಂತ ನನಗೆ ಗೊತ್ತಾದದ್ದು ಕೈಯಲ್ಲಿ ಹಿಡಿದು ಕಟ್ಟಿದಾಗಲೇ.

ಈಗ ಜೋಜಿಲಾಕ್ಕೆ ಬರುತ್ತೇನೆ. 1948ರಲ್ಲಿ, ಕಾಶ್ಮೀರಕ್ಕಾಗಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಆ ಘಾಟಿ ಶತ್ರುಗಳ ಕೈಯಲ್ಲಿತ್ತು, ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಕಾಲಾಳುಗಳ ದಾಳಿ ಸೆಪ್ಟೆಂಬರಿನಲ್ಲಿ ವಿಫಲವಾಯಿತು. ಅಲ್ಲಿಗೆ ಟ್ಯಾಂಕು ಒಯ್ಯುವುದೆಂದು ತೀರ್ಮಾನಿಸಿದವರು ಅಲ್ಲಿಯ ಸೇನಾ ವಿಭಾಗದ ದಂಡನಾಯಕ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಕೊಡಗಿನವರು. ಟ್ಯಾಂಕುಗಳು 7ನೇ ಕ್ಯಾವಲ್ರಿಯವು, ಎಲ್ಲ ಸ್ಟುವರ್ಟ್. ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ಬರುವ ದಾರಿಯ ಸೇತುವೆಗಳು ಅವುಗಳ ಭಾರ ತಾಳುವಂತಿರಲಿಲ್ಲ. ಟರೆಟ್ಟುಗಳನ್ನು ಕಳಚಿ, ಗಾಡಿಗಳನ್ನು ಸೇತುವೆಗಳ ಮೇಲೆ ಎಳೆದು ದಾಟಿಸಿದರು, ಎಲ್ಲವೂ ಗುಟ್ಟಾಗಿ. ಮಾದರಿಯಲ್ಲೂ ಟರೆಟ್ಟನ್ನು ಅಂಟಿಸುವುದಿಲ್ಲ, ಒಂದು ಸುತ್ತು ತಿರುವಿದರೆ ಕೈಗೆ ಬರುತ್ತದೆ. ಹಾಗೆ ಎತ್ತಿದಾಗ ಕೆಳಗೆ ಉಳಿಯುವ ದುಂಡನೆಯ ತೂತು ನೋಡುವಾಗಲೆಲ್ಲ, ಅಷ್ಟು ದೊಡ್ಡ ಉಕ್ಕಿನ ಮುದ್ದೆಯನ್ನು ಕಳಚಿ, ಹೊತ್ತು, ಮತ್ತೆ ಕೂರಿಸಿದ ಕೈಗಳ ನೆನಪು ಬರುತ್ತದೆ.

ಘಾಟಿಯ ಹೇಸರಗತ್ತೆ ದಾರಿಯನ್ನು ಗಾಡಿ ಹೋಗುವಂತೆ ಅಗಲ ಮಾಡಿದವರು ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಎರಡು ತುಕಡಿಗಳು. ಅವರ ಮುಖ್ಯ ಠಾಣೆ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ಸೈನ್ಯದಲ್ಲಿ ಅವರನ್ನು ತಂಬಿಗಳು ಎಂದೇ ಕರೆಯುತ್ತಾರೆ. ತೆಂಗು, ಹುಣಸೆಯ ನಾಡಿನಿಂದ ಹೋದ ಹುಡುಗರು ಆ ಚಳಿಯಲ್ಲಿ ಬಂಡೆ ಸಿಡಿಸಿದರು. ಹವೆ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. 1948ರ ನವೆಂಬರ್ 1ರಂದು ಟ್ಯಾಂಕುಗಳು ಘಾಟಿ ಹೊಕ್ಕವು, ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಮೂರನೆಯ ಒಂದು ಪಾಲು ತೆಳು, ಮನುಷ್ಯರಿಗೂ ಉಸಿರು ಸಾಲದು, ಎಂಜಿನ್ನಿಗೂ ಸಾಲದು. ಅಂಥ ಕಡೆ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಘಾಟಿ ಕೈಗೆ ಬಂತು, ಅದೇ ತಿಂಗಳೊಳಗೆ ಕಾರ್ಗಿಲ್ ಕೂಡ.

ಅದಕ್ಕೇ ನನ್ನ ಸ್ಟುವರ್ಟ್‌ಗೆ ಬಣ್ಣ ಹಚ್ಚುವಾಗ ಬಹಳ ಯೋಚಿಸಿದೆ. ಅಮೆರಿಕದ ಕಾರ್ಖಾನೆಯಿಂದ ಹೊರಡುವಾಗ ಅವಕ್ಕೆಲ್ಲ ಆಲಿವ್ ಡ್ರ್ಯಾಬ್ ಎಂಬ ಕಂದುಹಸಿರು. ಡಬ್ಬಿಯ ಬಣ್ಣವನ್ನು ಹಾಗೇ ಬಳಿದರೆ ಮಾದರಿ ಕಪ್ಪಗೆ ಕಾಣುತ್ತದೆ. ಇಲ್ಲೂ ಮೂವತ್ತೈದರ ಲೆಕ್ಕವೇ: ಒಂದಡಿ ದೂರದಿಂದ ಮಾದರಿ ನೋಡುವುದು, ಮೂವತ್ತೈದಡಿ ದೂರದಿಂದ ನಿಜದ್ದನ್ನು ನೋಡಿದಂತೆ. ನಡುವಿನ ಗಾಳಿ ಬಣ್ಣವನ್ನು ತಿಳಿ ಮಾಡುತ್ತದೆ, ಆ ಗಾಳಿಯನ್ನು ನಾವು ಬಣ್ಣದಲ್ಲೇ ಬೆರೆಸಬೇಕು. ಆಮೇಲೆ ನೀರಾಗಿಸಿದ ಗಾಢ ಕಂದು ಬಣ್ಣವನ್ನು ಬೋಲ್ಟುಗಳ ಬುಡಕ್ಕೆ ತಾಗಿಸಿದರೆ ಸುತ್ತ ಹರಿದು ನೆರಳು ಕೂರಿಸುತ್ತದೆ. ಬಣ್ಣ ಕಿತ್ತ ಗುರುತನ್ನು ಎಲ್ಲೆಂದರಲ್ಲಿ ಇಡಬಾರದು. ಬೂಟುಗಾಲು ಎಲ್ಲಿ ಊರುತ್ತದೆ, ಕೈ ಎಲ್ಲಿ ಹಿಡಿಯುತ್ತದೆ, ಮುಚ್ಚಳ ಎಲ್ಲಿ ಬಡಿಯುತ್ತದೆ ಎಂದು ಯೋಚಿಸಿ ಅಲ್ಲಿ ಮಾತ್ರ ಇಡಬೇಕು. ಟರೆಟ್ಟಿನ ಬುಡದ ಸುತ್ತ ನಾನು ಒಂದೆರಡು ಗೀರು ಹೆಚ್ಚು ಎಳೆದೆ, ಕಳಚಿ ಕೂರಿಸಿದ ಸ್ಪ್ಯಾನರುಗಳಿಗಾಗಿ.

ನವರಾತ್ರಿಗೆ ಅಮ್ಮ ಗೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ರಾಗಿ ಪೈರಿನ ತೋಟ. ಮೊನ್ನೆಯ ಹಬ್ಬಕ್ಕೆ ಅವರೇ ಟ್ಯಾಂಕು ಕೇಳಿ ತೆಗೆದುಕೊಂಡು ಹೋಗಿ ಕೊನೆಯ ಮೆಟ್ಟಿಲಿನಲ್ಲಿ ಇಟ್ಟರು. ಹಿಮಕ್ಕೆ ಅಡುಗೆ ಸೋಡಾ ಉದುರಿಸೋಣವೇ ಅಂದರು. ಬೇಡಮ್ಮ, ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಅಂದೆ. ದೀಪದ ಬತ್ತಿಗಿಟ್ಟಿದ್ದ ಅರಳೆಯನ್ನು ತೆಳ್ಳಗೆ ಬಿಡಿಸಿ ಹಾಸಿದರು. ಬಾಗಿನಕ್ಕೆ ಬಂದವರಿಗೆಲ್ಲ "ಇದು ತಿಮ್ಮಯ್ಯನವರ ಟ್ಯಾಂಕು" ಅಂತ ತೋರಿಸಿದ್ದೂ ಅವರೇ.

ಮಡಿಕೇರಿಗೆ ಹೋದವರು ರಾಜಾಸೀಟಿಗೂ ಅಬ್ಬಿ ಜಲಪಾತಕ್ಕೂ ತಪ್ಪದೆ ಹೋಗುತ್ತೀರಿ. ಒಂದು ಗಂಟೆ ಉಳಿಸಿಕೊಂಡು ಸನ್ನಿಸೈಡ್‌ಗೂ ಹೋಗಿ. ತಿಮ್ಮಯ್ಯನವರ ಆ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಹೊರಗೆ ಒಂದು ಟ್ಯಾಂಕು ನಿಂತಿದೆ, ಸ್ಟುವರ್ಟ್ ಅಲ್ಲ, ನಂತರದ ಕಾಲದ ಟಿ-55. ಮಕ್ಕಳನ್ನು ಅದರ ಪಕ್ಕಕ್ಕೆ ಕರೆದೊಯ್ದು ಚಕ್ರ ಎಣಿಸಲು ಹೇಳಿ. ಒಂದೊಂದು ಬದಿಗೂ ಐದಿರುತ್ತವೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮಾತ್ರ ಅಂತರ ಹೆಚ್ಚು. ಟಿ-55 ಅನ್ನು ಗುರುತಿಸುವುದು ಹಾಗೆ.