ಗೋಧಿಯ ಹೊಲದ ತಾಯಿ

ಸಿರಿಯಾ ದೇಶದ ಅಲೆಪ್ಪೊ ನಗರದ ಸಮೀಪ 1930ರಲ್ಲಿ ಗೋಧಿಯ ಹೊಲವೊಂದನ್ನು ಅಗೆಯಲಾಯಿತು. ಅಗೆಯಿಸಿದವರು ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ. ಬಿಹಾರದ ಬಡವರನ್ನೂ ಬಹುಕಾಲ ಪೀಡಿಸಿದ ಕಾಲಾ ಅಜಾರ್ ರೋಗದ ವರ್ಗಕ್ಕೆ ಸೇರಿದ ವ್ಯಾಧಿಗಳನ್ನು ಅಭ್ಯಸಿಸುತ್ತಿದ್ದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಪ್ರಯೋಗಕ್ಕಾಗಿ ಹ್ಯಾಮ್‌ಸ್ಟರ್ ಬೇಕಾಗಿತ್ತು. ಚೀನಾದ ಜಾತಿಯು ಬಂಧನದಲ್ಲಿ ಮರಿಹಾಕಲೊಲ್ಲದಾದ್ದರಿಂದ ಬೇರೊಂದು ಜಾತಿಯ ಅನ್ವೇಷಣೆ ನಡೆದಿತ್ತು.

ಸುಮಾರು 8 ಅಡಿ ಆಳದ ಬಿಲದಲ್ಲಿ ಹೊಂಬಣ್ಣದ ತಾಯಿಯೊಂದು ತನ್ನ 11 ಮರಿಗಳೊಡನೆ ದೊರೆಯಿತು. ಪೆಟ್ಟಿಗೆಯೊಳಗೆ ಇರಿಸಿದೊಡನೆ ಅದು ಹತ್ತಿರ ಬಂದ ಮರಿಯ ತಲೆಯನ್ನು ಕಚ್ಚಿ ಕೊಂದಿತು. ಉಳಿದ ಮರಿಗಳನ್ನು ರಕ್ಷಿಸಲೆಂದು ಅಹರೋನಿ ತಾಯಿಯನ್ನೇ ಸಯನೈಡಿನಿಂದ ಕೊಂದರು. ಕಣ್ಣು ತೆರೆಯದ ಆ ಮರಿಗಳನ್ನು ಅವರೂ ಅವರ ಪತ್ನಿಯೂ ಕೈಯಾರೆ ಸಾಕಿದರು. ಕೆಲವು ತಪ್ಪಿಸಿಕೊಂಡವು, ಕೆಲವು ಸತ್ತವು. ಇಂದು ಪ್ರಪಂಚದ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳು ಬಹುಪಾಲು ಬದುಕುಳಿದ ಆ ಕೆಲವೇ ಮರಿಗಳ ಸಂತತಿ.

ಮಗುವನ್ನು ಕೊಂದ ತಾಯಿ ಎಂದೊಡನೆ ಕ್ರೂರಮೃಗವೆಂಬ ಮಾತು ಬಾಯಿಗೆ ಬರುತ್ತದೆ. ಆದರೆ ಬಿಲವನ್ನು ಒಡೆದವರು ಯಾರು?

ಈ ಪ್ರಾಣಿ ಏಕಾಂತಜೀವಿ. ಒಂದು ಬಿಲಕ್ಕೆ ಬೆಳೆದ ಪ್ರಾಣಿ ಒಂದೇ. ಕೆನ್ನೆಯ ಚೀಲಗಳಲ್ಲಿ ಧಾನ್ಯ ತುಂಬಿ ಬಿಲಕ್ಕೆ ಸಾಗಿಸುವ ಅದರ ಅಭ್ಯಾಸದಿಂದಲೇ ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ಅದರ ಹೆಸರು ನಿಂತಿದೆ. (ಪರಿಗ್ರಹವೆಂದು ನಗುವವರು ನಗಲಿ, ಅದರ ಕಣಜಕ್ಕೆ ಚಳಿಗಾಲವೊಂದೇ ಗುರಿ.) ಮನೆಗೆ ತಂದವರು ಪಾಪ, ಒಂಟಿಯಾದೀತೆಂದು ಮತ್ತೊಂದನ್ನು ತಂದು ಅದೇ ಪಂಜರದಲ್ಲಿ ಬಿಡುತ್ತಾರೆ, ಬೆಳೆದ ಎರಡೂ ರಕ್ತ ಬರುವಂತೆ, ಕೆಲವೊಮ್ಮೆ ಸಾಯುವವರೆಗೂ ಕಾದಾಡುತ್ತವೆ. ಹಗಲು ಮಲಗಿದ್ದುದನ್ನು ಮಕ್ಕಳು ಎತ್ತಿಕೊಂಡರೆ ಕಚ್ಚುತ್ತದೆ. ಇರುಳೆಲ್ಲ ಚಕ್ರದ ಮೇಲೆ ಓಡುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ವಧಕ್ಕೂ ಮೊದಲು ಬಂಧವನ್ನು ಹೇಳಿರುವುದು ಇಲ್ಲಿ ನೆನಪಿಗೆ ಬಾರದಿರದು.

ಬಯಲಿನಲ್ಲಿ ಉಳಿದವುಗಳ ಪಾಡು ಮತ್ತೊಂದು ಬಗೆಯದು. ಸಿರಿಯಾ, ತುರ್ಕಿಗಳ ಗಡಿಸೀಮೆಯ ರೈತರಿಗೆ ಅದು ಬೆಳೆ ಕದಿಯುವ ಪೀಡೆ. ಯೂರೋಪಿನ ಹ್ಯಾಮ್‌ಸ್ಟರ್ ಬೇರೆಯೇ ಜಾತಿ, ಗಾತ್ರದಲ್ಲಿ ದೊಡ್ಡದು. 2020ರಲ್ಲಿ ಅದನ್ನು ವಿನಾಶದ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅದನ್ನು ರಕ್ಷಿಸಲಿಲ್ಲವೆಂದು ಯೂರೋಪಿನ ನ್ಯಾಯಾಲಯವು 2011ರಲ್ಲಿ ಫ್ರಾನ್ಸ್ ದೇಶದ ವಿರುದ್ಧ ತೀರ್ಪಿತ್ತಿತ್ತು.

ಫ್ರಾನ್ಸಿನ ಅಲ್ಸಾಸ್ ಪ್ರಾಂತದಲ್ಲಿ ಈ ಪ್ರಾಣಿಯ ಸುತ್ತ ಈಗ ಕಣ್ಣು ಹಾಯುವವರೆಗೂ ಮೆಕ್ಕೆಜೋಳವೇ. ಬರಿಯ ಮೆಕ್ಕೆಜೋಳವನ್ನೇ ಆಧರಿಸಿದ ಆಹಾರ ತಿಂದ ತಾಯಂದಿರು ತಮ್ಮ ಜೀವಂತ ಮರಿಗಳನ್ನೇ ತಿನ್ನುತ್ತಿದ್ದುದನ್ನು ಸ್ಟ್ರಾಸ್‌ಬರ್ಗಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ ಆಹಾರದ ಕೊರತೆಯಿರಲಿಲ್ಲ. ಕೊರತೆಯಾಗಿದ್ದುದು ಬಿ3 ಎಂಬ ಜೀವಸತ್ವ. ಅದನ್ನು ಆಹಾರದಲ್ಲಿ ಬೆರೆಸಿ ಕೊಟ್ಟಾಗ ಅವು ತಮ್ಮ ಮರಿಗಳನ್ನು ಸಾಕಿದವು.