ಬಾಲ ಸಪೂರವಾದಾಗ

ನಾನು ಹಲ್ಲಿ ಸಾಕಿದ್ದೆ ಎಂದರೆ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ಅಬ್ಬನ ಕೆಲಸದಿಂದಾಗಿ ನಾವು ಶಾರ್ಜಾದಲ್ಲಿದ್ದಾಗಿನ ಮಾತಿದು. ಒಂಬತ್ತನೇ ತರಗತಿಯಲ್ಲಿದ್ದ ನಾನು ಸಾಕುಪ್ರಾಣಿಗಳ ಅಂಗಡಿಯಿಂದ ಒಂದು ಜೋಡಿ ಲೆಪರ್ಡ್ ಗೆಕ್ಕೊ, ಅಂದರೆ ಚಿರತೆಯಂತೆ ಚುಕ್ಕೆಗಳಿರುವ ಹಲ್ಲಿಗಳನ್ನು ತಂದೆ. "ಊರಿನಲ್ಲಿ ಹಿಡಿಸೂಡಿಯಲ್ಲಿ ಓಡಿಸುವುದನ್ನು ಇಲ್ಲಿ ದುಡ್ಡು ಕೊಟ್ಟು ತಂದೆಯಾ?" ಎಂದು ಉಮ್ಮ ಬೈದರು.

ಆದರೆ ಇದು ಗೋಡೆ ಹಲ್ಲಿಯ ಹಾಗಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲ ಇದರ ಮನೆ. ಬೆರಳುಗಳಲ್ಲಿ ಅಂಟುವ ಮೆತ್ತೆ ಇಲ್ಲದ ಕಾರಣ ಗೋಡೆ ಹತ್ತಲಾರದು. ಕಣ್ಣಿಗೆ ರೆಪ್ಪೆಗಳಿವೆ. ಒಂಟೆ ಡುಬ್ಬದಲ್ಲಿ ಇಡುವಂತೆ ಇದು ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ. ಹೆಣ್ಣಿಗೆ ಚುಕ್ಕಿ ಎಂದು ಹೆಸರಿಟ್ಟೆ.

ಚುಕ್ಕಿ ಮೊದಲ ಸಲ ಎರಡು ಮೊಟ್ಟೆ ಇಟ್ಟಾಗ ನನ್ನ ತಲೆಯಲ್ಲಿ ಲೆಕ್ಕಾಚಾರ ಶುರುವಾಯಿತು. ಈ ಹಲ್ಲಿಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದನ್ನು ಮೊಟ್ಟೆಗೆ ಸಿಗುವ ಶಾಖ ನಿರ್ಧರಿಸುತ್ತದೆ. 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಚ್ಚಾಗಿ ಹೆಣ್ಣು, 32ರ ಸುಮಾರಿಗೆ ಹೆಚ್ಚಾಗಿ ಗಂಡು. ಹೆಣ್ಣುಮರಿಗಳಾದರೆ ಸಾಕಿ ಮಾರಬಹುದು ಎಂದುಕೊಂಡು, ಮೊಟ್ಟೆಗಳನ್ನು ಹೊರಳಿಸದೆ ಡಬ್ಬಿಯಲ್ಲಿಟ್ಟು ದಿನಕ್ಕೆ ಹತ್ತು ಸಲ ಥರ್ಮಾಮೀಟರ್ ನೋಡಿದೆ. ತಾಯಿಯನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ. ಗಂಡನ್ನು ಅದೇ ಗೂಡಿನಲ್ಲಿ ಬಿಟ್ಟಿದ್ದೆ.

ಎರಡನೇ ಸಲ ಮೊಟ್ಟೆ ಇಟ್ಟು ಕೆಲವು ವಾರಗಳಾದ ಮೇಲೆ ಉಮ್ಮ ಕೇಳಿದರು: "ಇದರ ಬಾಲ ಯಾಕೆ ಇಷ್ಟು ಸಪೂರ ಆಗಿದೆ?" ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 58 ಗ್ರಾಂ ಇದ್ದ ಚುಕ್ಕಿ 41 ಗ್ರಾಂ. ಹೊಟ್ಟೆಯಲ್ಲಿ ಮತ್ತೆ ಎರಡು ಮೊಟ್ಟೆ ಬೆಳ್ಳಗೆ ಕಾಣುತ್ತಿದ್ದವು. ಹುಳು ಮುಟ್ಟುತ್ತಿರಲಿಲ್ಲ. ಮೂಲೆ ಮೂಲೆ ಕೆರೆದು, ಸುಸ್ತಾಗಿ ಮಲಗುತ್ತಿತ್ತು.

ಪಶುವೈದ್ಯರು ನೋಡಿ, ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದರು. ಅದು ಕಡಿಮೆಯಾದರೆ ಎಲುಬು ಮೆತ್ತಗಾಗುವುದಷ್ಟೇ ಅಲ್ಲ, ಮೊಟ್ಟೆಯನ್ನು ಹೊರತಳ್ಳಲು ಸ್ನಾಯುಗಳಿಗೂ ಬಲ ಇರುವುದಿಲ್ಲ. ಮೊಟ್ಟೆ ಒಳಗೇ ಉಳಿದರೆ ತಾಯಿ ಸಾಯಬಹುದು. ಮೊಟ್ಟೆ ಇಡಲು ತೇವದ ಜಾಗವನ್ನೂ ನಾನು ಮಾಡಿಕೊಟ್ಟಿರಲಿಲ್ಲ.

ಚುಚ್ಚುಮದ್ದು ಕೊಡಿಸಿ ಮನೆಗೆ ತಂದೆ. ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಒದ್ದೆ ಪಾಚಿ ತುಂಬಿಸಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸುಬಹಿಗೆ ಎದ್ದು ನೋಡಿದರೆ ಪಾಚಿಯಲ್ಲಿ ಎರಡು ಮೊಟ್ಟೆ. ಪಕ್ಕದಲ್ಲಿ ಚುಕ್ಕಿ, ಜೋಲುಬಿದ್ದ ಹೊಟ್ಟೆಯೊಂದಿಗೆ, ಜೀವಂತವಾಗಿ.

ಅಂದೇ ಗಂಡನ್ನು ಬೇರೆ ಗೂಡಿಗೆ ಹಾಕಿದೆ. ಆದರೂ ಚುಕ್ಕಿ ಇನ್ನೊಂದು ಸಲ ಮೊಟ್ಟೆ ಇಟ್ಟಿತು. ಹೆಣ್ಣು ಗೆಕ್ಕೊ ವೀರ್ಯವನ್ನು ದೇಹದಲ್ಲಿ ತಿಂಗಳುಗಟ್ಟಲೆ ಉಳಿಸಿಕೊಳ್ಳಬಲ್ಲದು ಎಂದು ಆಗ ತಿಳಿಯಿತು. ಈ ಬಾರಿ ನಾನು ಸಿದ್ಧನಿದ್ದೆ. ಹುಳುಗಳಿಗೆ ಮೊದಲು ಕ್ಯಾರೆಟ್, ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಟ್ಟೆ. ಗೂಡಿನಲ್ಲೂ ಒಂದು ಮುಚ್ಚಳದಲ್ಲಿ ಪುಡಿ ಇಟ್ಟೆ. ಪ್ರತಿ ಶುಕ್ರವಾರ ತೂಕ ನೋಡಿ ಬರೆದಿಟ್ಟೆ. ಅದನ್ನು ನೋಡಿ ಉಮ್ಮ ನಕ್ಕರು: "ನಿನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ನಾನೂ ದಿನಾ ಇದೇ ಮಾತ್ರೆ ನುಂಗಿದ್ದೆ. ಮರಿ ಲೆಕ್ಕ ಹಾಕುವವನು ತಾಯಿಯ ಲೆಕ್ಕವನ್ನೂ ಇಡಬೇಕು."

ಬಾಲ ಮೊದಲಿನಂತೆ ತುಂಬಲು ತಿಂಗಳುಗಳೇ ಬೇಕಾದವು. ಮರುವರ್ಷ ನಾನು ಜೋಡಿ ಮಾಡಿಸಲೇ ಇಲ್ಲ. ಮನೆಯಲ್ಲಿ ಕೋಳಿ, ಪಾರಿವಾಳ, ಲವ್‌ಬರ್ಡ್ಸ್ ಸಾಕುವ ಗೆಳೆಯರಿಗೂ ನಾನು ಹೇಳುವುದು ಇಷ್ಟೇ: ಮೊಟ್ಟೆ ಎಣಿಸುವ ಮೊದಲು ತಾಯಿಯನ್ನು ಕೈಯಲ್ಲಿ ಹಿಡಿದು ನೋಡಿ.

ಹತ್ತನೇ ತರಗತಿ ಮುಗಿಸಿ ಊರಿಗೆ ಬರುವಾಗ ಚುಕ್ಕಿಯನ್ನು ಮಾಮನ ಮಗನಿಗೆ ಕೊಟ್ಟು ಬಂದೆ, ತೂಕದ ಪುಸ್ತಕದ ಸಮೇತ. ಅವನು ಈಗಲೂ ಶುಕ್ರವಾರ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂಖ್ಯೆ ಮಾತ್ರ ಕಳುಹಿಸುತ್ತಾನೆ. ಕಳೆದ ವಾರದ್ದು 61.