ಏಲರಾನ್ ನಡುಗಿದ ಭಾನುವಾರ

ವಿಮಾನ ಮೂಗು ತಗ್ಗಿಸಿ ರಭಸದಿಂದ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಎಂಜಿನ್ ಸದ್ದಿನ ಮೇಲೆ ‘ಜರ್ರ್’ ಅಂತ ಇನ್ನೊಂದು ಸದ್ದು. “ಥ್ರಾಟಲ್ ಇಳಿಸು! ಮೆಲ್ಲಗೆ ಮೂಗು ಎತ್ತು!” ಮೇಷ್ಟ್ರು ಕೂಗಿದರು. ವೇಗ ಕಮ್ಮಿಯಾಗಿದ್ದೇ ತಡ, ಸದ್ದು ನಿಂತಿತು. ಹುಡುಗ ಹೇಗೋ ಇಳಿಸಿದ.

ಇದೆಲ್ಲ ನಡೆದದ್ದು ಬೆಂಗಳೂರಿನ ಪೂರ್ವಕ್ಕೆ, ಬೇಸಿಗೆಗೆ ಬತ್ತಿದ ಕೆರೆಯೊಂದರ ಅಂಗಳದಲ್ಲಿ. ಮೇಷ್ಟ್ರು ಅಂದರೆ ಪಾಠದ ಮೇಷ್ಟ್ರಲ್ಲ. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಭಾನುವಾರ ಬಂದರೆ ನಮ್ಮ ರೇಡಿಯೋ ಕಂಟ್ರೋಲ್ ವಿಮಾನಗಳಿಗೆ ಅವರೇ ವೈದ್ಯರು.

“ಸರ್ವೋಗೆ ಶಕ್ತಿ ಸಾಲ್ತಿಲ್ಲ ಸಾರ್, ದೊಡ್ಡದೊಂದು ಹಾಕಿಬಿಡ್ತೀನಿ” ಅಂದ ಹುಡುಗ.

ಮೇಷ್ಟ್ರು ರೆಕ್ಕೆ ಮಗುಚಿ, ರೆಕ್ಕೆಯ ಹಿಂದಿನ ಅಂಚಿನಲ್ಲಿ ತಿರುಗುವ ಪಟ್ಟಿ, ಅಂದರೆ ಏಲರಾನಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರು. ಅದನ್ನು ತಿರುಗಿಸುವ ಸರ್ವೋ ಮೋಟಾರು ಅಲುಗಲಿಲ್ಲ, ಏಲರಾನ್ ಮಾತ್ರ ಟಕಟಕ ಅಂದಿತು. “ಇಷ್ಟು ಪ್ಲೇ ಇಟ್ಕೊಂಡು ಡೈವ್ ಹೊಡೀತೀಯಾ? ಗಾಳಿಗೆ ಹಿಡಿತ ಸಿಕ್ಕಿದ್ರೆ ಬಡಿದು ಬಡಿದು ಹಿಂಜ್ ಕಿತ್ತು ಹಾಕುತ್ತೆ. ಫ್ಲಟರ್ ಅನ್ನೋದು ಇದನ್ನೇ.”

ಆಮೇಲೆ ಸರ್ವೋವನ್ನೂ ಏಲರಾನನ್ನೂ ಜೋಡಿಸುವ ಪುಶ್‌ರಾಡ್ ತಂತಿಯ ಎರಡೂ ತುದಿ ನೋಡಿದರು. ಸರ್ವೋ ಕೈಯಲ್ಲಿ ಅದು ತೀರಾ ಹೊರಗಿನ ತೂತಿನಲ್ಲಿತ್ತು, ಏಲರಾನಿನ ಮೇಲೆ ಚಾಚಿಕೊಂಡ ಹಾರ್ನಿನಲ್ಲಿ ತೀರಾ ಒಳಗಿನದರಲ್ಲಿ. ಹಾಗಿದ್ದರೆ ಏಲರಾನ್ ವಿಪರೀತ ತಿರುಗಬೇಕಲ್ಲ? ಹುಡುಗ ಅದಕ್ಕೂ ಉಪಾಯ ಮಾಡಿದ್ದ: ಟ್ರಾನ್ಸ್‌ಮಿಟರಿನಲ್ಲಿ ಚಲನೆಯನ್ನು ಅರ್ಧಕ್ಕಿಂತ ಕಮ್ಮಿ ಮಾಡಿದ್ದ.

ಮೇಷ್ಟ್ರು ಕಡ್ಡಿ ತಗೊಂಡು ಮಣ್ಣಲ್ಲೇ ಗೀಚಿದರು. “ನಿಂದು ಫುಟಾಬಾ ಎಸ್3003. 4.8 ವೋಲ್ಟಿಗೆ 3.2 ಕೆಜಿ-ಸೆಂ.ಮೀ. ಅಂದ್ರೆ ನಡುವಿನಿಂದ 1 ಸೆಂ.ಮೀ. ದೂರದ ತೂತಲ್ಲಿ 3.2 ಕೆಜಿ ಎಳೆಯುತ್ತೆ. ನೀನು 2 ಸೆಂ.ಮೀ.ಗೆ ಹಾಕಿದ್ದೀಯ, ಉಳಿದದ್ದು 1.6. ಅರ್ಧ ಶಕ್ತಿ ಅಲ್ಲೇ ಕಳಕೊಂಡೆ. ಆ ಕಡೆ ಹಾರ್ನು ಗಿಡ್ಡ ಆದಷ್ಟೂ ತೂತಿನ ಅದೇ ಸಡಿಲ ಏಲರಾನಿನಲ್ಲಿ ದೊಡ್ಡದಾಗಿ ಕಾಣುತ್ತೆ.”

ಮೊದಲು ಸರ್ವೋ ಬಿಚ್ಚಿ, ಅದರ ಕೈಯನ್ನು ಮೆಲ್ಲಗೆ ಕೊನೆಯಿಂದ ಕೊನೆಗೆ ತಿರುಗಿಸಿದರು. ನಡುಕಕ್ಕೆ ಗೇರಿನ ಹಲ್ಲು ಮುರಿದಿದ್ದರೆ ಅಲ್ಲಿ ಎಡವುತ್ತದೆ. ಎಡವಲಿಲ್ಲ. ಹಿಂಜುಗಳನ್ನೂ ಒಂದೊಂದಾಗಿ ಎಳೆದು ನೋಡಿದರು. ಆಮೇಲೆ ಪುಶ್‌ರಾಡನ್ನು ಸರ್ವೋ ಕಡೆ ಒಳಗಿನ ತೂತಿಗೂ ಹಾರ್ನ್ ಕಡೆ ಹೊರಗಿನ ತೂತಿಗೂ ಬದಲಾಯಿಸಿದರು. ಝಡ್ ಆಕಾರದಲ್ಲಿ ಬಗ್ಗಿಸಿದ ತಂತಿ ಸಡಿಲವಿಲ್ಲದೆ ಕೂರುವ ಹಾಗೆ ಹೊಸ ತೂತನ್ನು ಅಳತೆಗೆ ಕೊರೆದರು. ಸ್ಟಿಕ್ ನಡುವಿನಲ್ಲಿದ್ದಾಗ ಸರ್ವೋ ಕೈ ಪುಶ್‌ರಾಡಿಗೆ ನೇರ ಅಡ್ಡಕ್ಕೆ ನಿಲ್ಲಬೇಕು, ಹಾರ್ನಿನ ತೂತುಗಳು ಹಿಂಜ್ ಗೆರೆಯ ನೇರಕ್ಕೇ ಇರಬೇಕು. ಇಲ್ಲದಿದ್ದರೆ ಮೇಲಕ್ಕೊಂದು ಅಳತೆ, ಕೆಳಕ್ಕೊಂದು ಅಳತೆ. ಪುಶ್‌ರಾಡಿನ ತುದಿಯ ಕ್ಲೆವಿಸ್ ತಿರುಗಿಸಿ ತಿರುಗಿಸಿ ಉದ್ದ ಹೊಂದಿಸಿದ ಮೇಲೆಯೇ ಟ್ರಾನ್ಸ್‌ಮಿಟರಿನ ಚಲನೆಯನ್ನು ಶೇಕಡಾ 100ಕ್ಕೆ ಏರಿಸಲು ಬಿಟ್ಟರು. ಏಲರಾನಿನ ಚಲನೆ ಮೊದಲಿನಷ್ಟೇ ಬಂತು, ಟಕಟಕ ಬಹುಪಾಲು ಹೋಗಿತ್ತು.

“ಸ್ಟಿಕ್ ಬಲಕ್ಕೆ ತಳ್ಳು. ಯಾವ ಏಲರಾನ್ ಏಳ್ತು?”

“ಬಲಗಡೇದು ಸಾರ್.”

“ಹೋಗು ಹಾಗಾದ್ರೆ.”

ವಿಮಾನ ಮತ್ತೆ ಏರಿತು, ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸಿಕೊಂಡು ಇಳಿಯಿತು. ಎಂಜಿನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹುಡುಗ ಹಲ್ಲು ಕಿರಿದು, “ಹೊಸ ಸರ್ವೋ ದುಡ್ಡು ಉಳೀತು ಸಾರ್” ಅಂದ. ತಾವೂ ಹಾರಿಸೋಣ ಅಂತ ಸಾಲಾಗಿ ಕಾದಿದ್ದ ಉಳಿದವರಲ್ಲಿ ಯಾರೊಬ್ಬರೂ ಮುಂದೆ ಬರಲಿಲ್ಲ. ಎಲ್ಲರೂ ತಂತಮ್ಮ ರೆಕ್ಕೆ ಮಗುಚಿಕೊಂಡು ತೂತು ಎಣಿಸುತ್ತಿದ್ದರು.